ವಿದೇಶದ ಗ್ರಾಂಟ್, ರೆಸಿಡೆನ್ಸಿ: ಬದಿಯಡ್ಕದಲ್ಲಿ ಕೂತು ಅರ್ಜಿ ಹಾಕಿದರೆ ಏನಾದರೂ ಆಗುತ್ತದಾ?

ಹಲಸಿನ ಹಲಗೆ

ಎಲ್ಲರಿಗೂ ನಮಸ್ಕಾರ. ನನ್ನದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಲಗೆ ಕೆತ್ತಿ ಪ್ರಿಂಟ್ ತೆಗೆಯುವುದು ಕೆಲಸ, ವುಡ್‌ಕಟ್ ಅಂತಾರಲ್ಲ, ಅದು. ವಯಸ್ಸು 43. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಗ್ರಾಫಿಕ್ಸ್ ಓದಿದೆ. ಮದುವೆ, ಮಗಳು, ತೋಟ ಎಲ್ಲ ಬಂದ ಮೇಲೂ ಕೆತ್ತುವುದನ್ನು ಬಿಟ್ಟಿಲ್ಲ. ಮಂಗಳೂರಿನಲ್ಲಿ ನನ್ನದೇ ಒಂದು ಪ್ರದರ್ಶನ ಆಗಿದೆ. ಕಾಞಂಗಾಡಿನ ಅಕಾಡೆಮಿ ಗ್ಯಾಲರಿಯಲ್ಲೂ ಕೊಚ್ಚಿಯಲ್ಲೂ ಬೇರೆಯವರ ಜೊತೆ ತೋರಿಸಿದ್ದೇನೆ.

ಕೆಲವು ವರ್ಷಗಳಿಂದ ಮುರಕಲ್ಲಿನ ಕೋರೆಗಳನ್ನೇ ಕೆತ್ತುತ್ತಿದ್ದೇನೆ. ಯಂತ್ರದಲ್ಲಿ ಕಲ್ಲು ಕತ್ತರಿಸಿ ತೆಗೆದ ಮೇಲೆ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೋಡೆ ಉಳಿಯುತ್ತದೆ. ಮಳೆಗಾಲದಲ್ಲಿ ಅದರೊಳಗೆ ನೀರು ನಿಲ್ಲುತ್ತದೆ. ಇದನ್ನು ಸಣ್ಣ ಹಲಗೆಯಲ್ಲಿ ಮಾಡಿದರೆ ಏನೂ ಕಾಣುವುದಿಲ್ಲ. ಹಾಗಾಗಿ ಎರಡು ಮೂರು ಹಲಸಿನ ಹಲಗೆ ಜೋಡಿಸಿ ನಾಲ್ಕಡಿ ಅಗಲಕ್ಕೆ ಕೆತ್ತುತ್ತೇನೆ.

ಕಷ್ಟ ಇರುವುದು ಕೆತ್ತುವುದರಲ್ಲಿ ಅಲ್ಲ. ನನ್ನ ಹತ್ತಿರ ಪ್ರೆಸ್ ಇಲ್ಲ. ಮರದ ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಪ್ರಿಂಟ್ ತೆಗೆಯಬೇಕು. ದೊಡ್ಡದೊಂದು ಪ್ರತಿ ಮುಗಿಯುವಷ್ಟರಲ್ಲಿ ಭುಜ ಎತ್ತಲಿಕ್ಕೆ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಆಗ ಕೆಲಸವೇ ನಿಲ್ಲುತ್ತದೆ. ಒಂದು ಶಾಲೆಯಲ್ಲಿ ವಾರಕ್ಕೆ ಎರಡು ದಿನ ಡ್ರಾಯಿಂಗ್ ಹೇಳಿಕೊಡುತ್ತೇನೆ. ಆ ದುಡ್ಡು ಕಾಗದಕ್ಕೂ ಶಾಯಿಗೂ ಸರಿಹೋಗುತ್ತದೆ. ಉಳಿದದ್ದು ಅಡಿಕೆ. ಕೊಳೆರೋಗ ಬಂದ ವರ್ಷ ಅದೂ ಇಲ್ಲ.

ನಮ್ಮ ಕಡೆಯ ತಲೆನೋವು ನಿಮಗೆ ಗೊತ್ತೇ ಉಂಟಲ್ಲ. ಕರ್ನಾಟಕದಲ್ಲಿ ಕೇಳಿದರೆ ನೀವು ಕೇರಳದವರಲ್ವಾ ಅಂತಾರೆ. ಈ ರಾಜ್ಯದ ಕಾಗದಪತ್ರ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಅರ್ಜಿ ಬರೆಯುವಷ್ಟು ಬರುವುದಿಲ್ಲ. ಹಾಗಾಗಿ ನೇರ ವಿದೇಶಕ್ಕೇ ಕೇಳಿದರೆ ಹೇಗೆ ಅಂತ ಯೋಚನೆ. ಪೊಲಾಕ್-ಕ್ರಾಸ್ನರ್ ಅಂತ ಒಂದು ಗ್ರಾಂಟಿನ ಹೆಸರು ಕೇಳಿದ್ದೇನೆ. ನಮ್ಮಂಥವರಿಗೆ ಅದೆಲ್ಲ ಸಿಗುತ್ತದಾ? ಬಡತನ ತೋರಿಸಬೇಕಂತೆ, ಅದನ್ನು ಹೇಗೆ ಬರೆಯುವುದು? ರೆಸಿಡೆನ್ಸಿ ಅಂದರೆ ಮೂರು ತಿಂಗಳು ಅಲ್ಲೇ ಉಳಿದು ಕೆಲಸ ಮಾಡಲು ಹೋಗಬೇಕು ಅಂತಾರೆ. ಮಗಳು ಈ ವರ್ಷ ಹತ್ತನೇ ಕ್ಲಾಸು, ಅತ್ತೆಗೆ ಹುಷಾರಿಲ್ಲ, ನಾನು ಹೊರಡುವ ಹಾಗಿಲ್ಲ.

ಇನ್ನೊಂದು ವಿಷಯ. ಇಟಲಿಯ ಒಂದು ಗ್ಯಾಲರಿಯಿಂದ ಮೇಲ್ ಬಂದಿದೆ. ನಿಮ್ಮ ಕೆಲಸ ಆಯ್ಕೆಯಾಗಿದೆ, ಪ್ರದರ್ಶನ ಮತ್ತು ಪುಸ್ತಕದಲ್ಲಿ ಎರಡು ಪುಟ, 900 ಯೂರೋ ಕಳಿಸಿ ಅಂತ. ನಾನು ಎಲ್ಲಿಗೂ ಅರ್ಜಿ ಹಾಕಿರಲಿಲ್ಲ. ಇದು ನಿಜವಾ?

ಉಪ್ಪಳದಿಂದ ಬರೋಡಕ್ಕೆ

ಅಕ್ಕ, ಆ ಇಟಲಿ ಮೇಲನ್ನು ಮೊದಲು ಅಳಿಸಿ. ನನಗೂ ಬರುತ್ತದೆ, ನನ್ನ ರೂಮ್‌ಮೇಟ್‌ಗೂ ಬರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರ ಹಾಕಿದ ಎಲ್ಲರಿಗೂ ಕಳಿಸುತ್ತಾರೆ. ಗೋಡೆಯನ್ನು ಬಾಡಿಗೆಗೆ ಕೊಡುವ ವ್ಯಾಪಾರ ಅದು, ಆಯ್ಕೆ ಗೀಯ್ಕೆ ಏನಿಲ್ಲ.

ನಾನು ಶಿಲ್ಪ ಮಾಡುವವನು, ಈಗ ಬರೋಡದಲ್ಲಿದ್ದೇನೆ. ನನಗೆ ಗೊತ್ತಿರುವುದು ಹೇಳುತ್ತೇನೆ. ಇನ್‌ಲ್ಯಾಕ್ಸ್ ಶಿವದಾಸಾನಿ ಫೌಂಡೇಶನ್‌ನ ಕಲಾ ಪ್ರಶಸ್ತಿ 35ರ ಒಳಗಿನವರಿಗೆ, ಹಾಗಾಗಿ ಅದು ನನ್ನಂಥವರಿಗೆ, ನಿಮಗಲ್ಲ. ಡೆಲ್ಲಿಯ ಖಿಡ್ಕಿಯಲ್ಲಿ ಖೋಜ್ ಅಂತ ಕಲಾವಿದರ ಸಂಸ್ಥೆ ಉಂಟು, 1997ರಿಂದ ನಡೆಯುತ್ತಿದೆ, ಹೊರದೇಶದವರೂ ನಮ್ಮವರೂ ಒಟ್ಟಿಗೆ ಕೆಲಸ ಮಾಡುತ್ತಾರೆ. ಸ್ವಿಟ್ಜರ್‌ಲ್ಯಾಂಡಿನವರ ಕಲಾ ಸಂಸ್ಥೆ ಪ್ರೊ ಹೆಲ್ವೇಶಿಯಾಕ್ಕೆ ಡೆಲ್ಲಿಯಲ್ಲೇ ಆಫೀಸಿದೆ. ಅವರ ರೆಸಿಡೆನ್ಸಿ ಮೂರು ತಿಂಗಳವರೆಗೆ. ಅಷ್ಟು ದಿನ ಆಗದವರಿಗೆ ನಾಲ್ಕು ವಾರದೊಳಗಿನ ರಿಸರ್ಚ್ ಟ್ರಿಪ್ ಅಂತ ಬೇರೆಯೇ ಇದೆ. ಮಗಳ ಪರೀಕ್ಷೆ ಮುಗಿದ ಮೇಲೆ ಇದನ್ನು ನೋಡಿ. ಲಂಡನ್ನಿನ ಗ್ಯಾಸ್‌ವರ್ಕ್ಸ್, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಅಕಾಡೆಮಿ ಎಲ್ಲ ದೊಡ್ಡ ಹೆಸರು, ಪೈಪೋಟಿಯೂ ಜಾಸ್ತಿ.

ಇಲ್ಲಿ ಬರೋಡದಲ್ಲಿ ಛಾಪ್ ಅಂತ ಪ್ರಿಂಟ್ ಮಾಡುವವರದ್ದೇ ವರ್ಕ್‌ಶಾಪ್ ಇದೆ, 1999ರಲ್ಲಿ ಕಲಾವಿದರೇ ಸೇರಿ ಕಟ್ಟಿದ್ದು. ಒಂದು ಹದಿನೈದು ದಿನ ಬರುವ ಹಾಗಿದ್ದರೆ ಹೇಳಿ, ವಿಚಾರಿಸುತ್ತೇನೆ. ಊಟಕ್ಕೆ ಮಾತ್ರ ಕಷ್ಟ. ಇಲ್ಲಿ ಸಾರಿಗೂ ಬೆಲ್ಲ ಹಾಕುತ್ತಾರೆ.

ನೀರ್ಚಾಲು ಮಾಷ್ಟ್ರು

ತಂಗೀ, ನಿಮ್ಮ ಕೋರೆಯ ಪ್ರಿಂಟುಗಳನ್ನು ಕಾಞಂಗಾಡಿನಲ್ಲಿ ನೋಡಿದ ನೆನಪಿದೆ. ನೀರಿನ ಜಾಗದಲ್ಲಿ ಬರೀ ಮರದ ನರವನ್ನು ಉಳಿಸಿದ್ದಿರಿ, ಅಲ್ವಾ? ನಾನು ಚಿತ್ರ ಬರೆಯುವವನು, ಶಾಲೆಯ ಕೆಲಸದಿಂದ ನಿವೃತ್ತ. ಗ್ರಾಂಟೂ ಸಿಕ್ಕಿದೆ, ರೆಸಿಡೆನ್ಸಿಗೂ ಹೋಗಿ ಬಂದಿದ್ದೇನೆ. ಎರಡೂ ಒಂದೇ ಜಾತಿಯದ್ದಲ್ಲ. ಗ್ರಾಂಟ್ ಅಂದರೆ ದುಡ್ಡು ನಿಮ್ಮ ಮನೆಗೆ ಬರುತ್ತದೆ. ರೆಸಿಡೆನ್ಸಿ ಅಂದರೆ ನೀವು ಅವರ ಮನೆಗೆ ಹೋಗುತ್ತೀರಿ. ನಿಮಗೆ ಬೇಕಾದದ್ದು ಪ್ರೆಸ್, ಒಣಗಿದ ಕೋಣೆ, ಒಂದಷ್ಟು ಒಳ್ಳೆ ಕಾಗದ. ಇದು ಯಾವುದೂ ವಿದೇಶದಲ್ಲಿ ಮೂರು ತಿಂಗಳು ಕೂತರೆ ಬದಿಯಡ್ಕಕ್ಕೆ ಬರುವುದಿಲ್ಲ. ಹಾಗಾಗಿ ಬರೋಡದ ತಮ್ಮನ ಪಟ್ಟಿ ಈಗ ಬದಿಗಿಡಿ. ಈ ವರ್ಷ ಗ್ರಾಂಟ್ ಮಾತ್ರ ನೋಡಿ.

ಪೊಲಾಕ್-ಕ್ರಾಸ್ನರ್ ನಿಮಗೆ ಸರಿ ಹೊಂದುತ್ತದೆ. ಲೀ ಕ್ರಾಸ್ನರ್ ಅಂತ ಅಮೆರಿಕದ ಚಿತ್ರಕಲಾವಿದೆ, ಜಾಕ್ಸನ್ ಪೊಲಾಕ್‌ನ ಹೆಂಡತಿ. 1984ರಲ್ಲಿ ಆಕೆ ತೀರಿಕೊಂಡರು. ಬಿಟ್ಟುಹೋದ ಆಸ್ತಿಯಿಂದ 1985ರಲ್ಲಿ ನ್ಯೂಯಾರ್ಕಿನಲ್ಲಿ ಈ ಫೌಂಡೇಶನ್ ಶುರುವಾಯಿತು. ಕಷ್ಟದಲ್ಲಿ ಕೆಲಸ ಮಾಡುವುದು ಏನು ಅಂತ ಆಕೆಗೆ ಗೊತ್ತಿತ್ತು. ಚಿತ್ರ, ಶಿಲ್ಪ, ಕಾಗದದ ಮೇಲಿನ ಕೆಲಸ, ಪ್ರಿಂಟ್, ಇಷ್ಟಕ್ಕೆ ಕೊಡುತ್ತಾರೆ. ಫೋಟೋಗ್ರಫಿ, ವಿಡಿಯೋ, ಡಿಜಿಟಲ್, ಕರಕುಶಲ, ಇದಕ್ಕೆಲ್ಲ ಇಲ್ಲ. ಇಲ್ಲಿ ಓದುವವರಲ್ಲಿ ಯಾರಾದರೂ ಫೋಟೋಗ್ರಾಫರ್ ಇದ್ದರೆ ಸುಮ್ನೆ ಫಾರ್ಮ್ ತುಂಬಬೇಡಿ. ವಿದ್ಯಾರ್ಥಿಗಳಿಗೂ ಇಲ್ಲ. ಯಾವ ದೇಶ, ಯಾವ ರಾಜ್ಯ, ಯಾವ ಭಾಷೆ ಅನ್ನುವ ತಕರಾರು ಇಲ್ಲ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದದ್ದು ಅವರಿಗೆ ಗೊತ್ತೂ ಇಲ್ಲ. ನಮಗೆ ಬೇಕಾದದ್ದೂ ಅದೇ ಅಲ್ವಾ!

ಅರ್ಜಿಗೆ ಶುಲ್ಕ ಇಲ್ಲ. ಒಂದು ವರ್ಷಕ್ಕೆ ಅಂತ ಕೊಡುತ್ತಾರೆ, 50,000 ಡಾಲರ್‌ವರೆಗೂ ಹೋಗಬಹುದು. ಆದರೆ ಎಷ್ಟು ಅಂತ ನಿಮ್ಮ ಪರಿಸ್ಥಿತಿ ನೋಡಿ ಅವರೇ ನಿರ್ಧರಿಸುವುದು. ಆ ದೊಡ್ಡ ಸಂಖ್ಯೆ ನೋಡಿ ಬಜೆಟ್ ಹಿಗ್ಗಿಸಬೇಡಿ. ಸಾಮಾನು, ಸ್ಟುಡಿಯೋ, ಪ್ರದರ್ಶನದ ತಯಾರಿ, ಮನೆಖರ್ಚು, ಆಸ್ಪತ್ರೆ ಖರ್ಚು, ಇಷ್ಟು ಒಳಗೆ ಬರುತ್ತದೆ. ಹಳೇ ಸಾಲ ತೀರಿಸಲಿಕ್ಕೆ, ಜಾಗ ಖರೀದಿಗೆ, ತಿರುಗಾಟಕ್ಕೆ ಕೊಡುವುದಿಲ್ಲ. ಪ್ರೆಸ್ ತೆಗೆದುಕೊಳ್ಳುವುದು, ಈಗಿರುವ ಕೋಣೆಗೆ ಸೀಲಿಂಗ್ ಹಾಕಿ ತೇವ ಎಳೆಯುವ ಮಷಿನ್ ಇಡುವುದು, ಇದನ್ನು ಧೈರ್ಯವಾಗಿ ಬರೆಯಿರಿ.

ಅವರು ನೋಡುವುದು ಎರಡನ್ನು. ಕೆಲಸ ಹೇಗಿದೆ, ದುಡ್ಡಿನ ಅಗತ್ಯ ಎಷ್ಟಿದೆ. ನಮ್ಮ ಜನ ಎಡವುವುದು ಎರಡನೆಯದರಲ್ಲಿ. ಅಂಗಳಕ್ಕೆ ಬಂದವರ ಎದುರು ಇಲ್ಲ ಅಂತ ಹೇಳಿ ಅಭ್ಯಾಸವೇ ಇಲ್ಲ ನಮಗೆ. ಹಾಗಾಗಿ ಒಂದೋ ಎಲ್ಲವೂ ಚೆನ್ನಾಗಿದೆ ಅಂತ ಬರೆಯುತ್ತೇವೆ, ಇಲ್ಲವೇ ಯಕ್ಷಗಾನದ ಚಂದ್ರಮತಿಯ ಹಾಗೆ ಅಳುತ್ತೇವೆ. ಎರಡೂ ಬೇಡ. ಶಾಲೆಯಿಂದ ತಿಂಗಳಿಗೆ ಇಷ್ಟು, ತೋಟದಿಂದ ಕಳೆದ ವರ್ಷ ಇಷ್ಟು, ಅತ್ತೆಯ ಔಷಧಿಗೆ ಇಷ್ಟು, ಕಾಗದಕ್ಕೆ ಇಷ್ಟು, ಉಳಿದದ್ದು ಇಷ್ಟು. ಮುಗಿಯಿತು. ಬಡವಿ ಅನ್ನುವ ಮಾತೇ ಬರೆಯಬೇಕಾಗಿಲ್ಲ. ಲೆಕ್ಕ ನೋಡಿದ ಯಾರಿಗೂ ಅರ್ಥವಾಗುತ್ತದೆ. ಮಳೆಗಾಲದಲ್ಲಿ ನಾಲ್ಕು ತಿಂಗಳು ಪ್ರಿಂಟ್ ತೆಗೆಯಲು ಆಗುವುದಿಲ್ಲ ಅನ್ನುವುದನ್ನು ಖಂಡಿತ ಸೇರಿಸಿ. ವರ್ಷದ ಮೂರನೇ ಒಂದು ಪಾಲು ಕೆಲಸ ನಿಲ್ಲುತ್ತದೆ ಅಂದರೆ ಅದು ಅಗತ್ಯವೇ. ನ್ಯೂಯಾರ್ಕಿನವರಿಗೆ ನಮ್ಮ ಮಳೆ ಗೊತ್ತಿರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದ್ದು ಆ ನಾಲ್ಕು ತಿಂಗಳಲ್ಲೇ ಅಂತ ಒಂದು ಸಾಲು ಹಾಕಿ.

ಗ್ಯಾಲರಿಯಲ್ಲಿ ಈಗಲೂ ಪ್ರದರ್ಶನ ಮಾಡುತ್ತಿರುವವರು ಅನ್ನುವುದು ಅವರಿಗೆ ಮುಖ್ಯ. ನಿಮ್ಮ ಮಂಗಳೂರು, ಕಾಞಂಗಾಡ್, ಕೊಚ್ಚಿ ಸಾಕು. ಅದನ್ನೇ ಮೇಲೆ ಹಾಕಿ. ಆದರೆ ದಮ್ಮಯ್ಯ, ಶಾಲಾ ಕಲೋತ್ಸವಕ್ಕೆ ತೀರ್ಪುಗಾರರಾಗಿ ಹೋದದ್ದು, ಯುವಕ ಮಂಡಲದವರು ಶಾಲು ಹೊದಿಸಿದ್ದು ಇದೆಲ್ಲ ಸಿವಿಯಲ್ಲಿ ಬೇಡ. ನಮ್ಮ ಕಲಾವಿದರ ಸಿವಿ ನೋಡಿದ್ದೇನೆ, ಸನ್ಮಾನ ಮೂರು ಪುಟ, ಪ್ರದರ್ಶನ ಮೂರು ಸಾಲು.

ಇನ್ನು ಫೋಟೋ. ಅರ್ಜಿ ಗೆಲ್ಲುವುದೂ ಸೋಲುವುದೂ ಅಲ್ಲಿ. ಹತ್ತು ಚಿತ್ರ ಕೇಳುತ್ತಾರೆ. ಬರಹ ಓದುವ ಮೊದಲು ಆ ಹತ್ತನ್ನು ನೋಡುತ್ತಾರೆ ಅಂತ ತಿಳಿದುಕೊಂಡೇ ತಯಾರು ಮಾಡಿ. ಫ್ರೇಮಿನಿಂದ ಹೊರಗೆ ತೆಗೆಯಿರಿ, ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಮೋಡ ಇರುವ ಬೆಳಿಗ್ಗೆ, ಜಗಲಿಯಲ್ಲಿ, ಗೋಡೆಗೆ ನೇರ ಒರಗಿಸಿ. ಫ್ಲ್ಯಾಶ್ ಬೇಡವೇ ಬೇಡ. ಮೊಬೈಲ್ ಆದರೂ ಪರವಾಗಿಲ್ಲ, ಆದರೆ ಸ್ಟ್ಯಾಂಡಿಗೆ ಹಾಕಿ, ಪ್ರಿಂಟಿನ ನಡುಮಧ್ಯದ ಎತ್ತರಕ್ಕೆ ಸರಿಯಾಗಿ ಇಡಿ. ಇಲ್ಲದಿದ್ದರೆ ಮೇಲಿನ ಅಂಚು ಕಿರಿದಾಗುತ್ತದೆ. ಬೆಳಕು ಒಂದು ಪಕ್ಕದಿಂದ ಸ್ವಲ್ಪ ಓರೆಯಾಗಿ ಬಿದ್ದರೆ ಕಾಗದದಲ್ಲಿ ಹಲಗೆ ಒತ್ತಿದ ಗುರುತೂ ಕಾಣುತ್ತದೆ. ನಿಮ್ಮ ಕೆಲಸಕ್ಕೆ ಅದು ಬೇಕು. ಹತ್ತೂ ಕೋರೆಯದ್ದೇ ಇರಲಿ. ನನಗೆ ದೇವಸ್ಥಾನವೂ ಬರುತ್ತದೆ, ಕಾಡೂ ಬರುತ್ತದೆ ಅಂತ ತೋರಿಸಲು ಹೋದರೆ ನೋಡುವವರಿಗೆ ಗೊಂದಲ. ಅಳತೆ ಸೆಂಟಿಮೀಟರಿನಲ್ಲಿ, ಯಾವ ವರ್ಷ, ಎಷ್ಟು ಪ್ರತಿಯ ಎಡಿಷನ್, ಯಾವ ಕಾಗದ, ಇದನ್ನೂ ತಪ್ಪದೆ ಬರೆಯಿರಿ. ನಾಲ್ಕಡಿ ಪ್ರಿಂಟು ಸ್ಕ್ರೀನಿನಲ್ಲಿ ಪೋಸ್ಟ್‌ಕಾರ್ಡಿನಷ್ಟೇ ಕಾಣುತ್ತದೆ, ಅಳತೆ ಓದಿದರೆ ಮಾತ್ರ ಗೊತ್ತಾಗುವುದು.

ಬೇರೆ ಕೆಲವು ಹೆಸರು ಹೇಳುತ್ತೇನೆ, ಬೇಗ ಬೇಗ. ಗಾಟ್‌ಲೀಬ್ ಫೌಂಡೇಶನ್, ಇದೂ ನ್ಯೂಯಾರ್ಕ್. ಪಳಗಿದ ಮೇಲೆ ಕನಿಷ್ಠ 20 ವರ್ಷ ಕೆಲಸ ಮಾಡಿದವರಿಗೆ. ನಿಮಗೆ ಇನ್ನೂ ಸಮಯ ಇದೆ, ಆದರೆ ವರ್ಷಾವಾರು ಕೆಲಸದ ದಾಖಲೆ ಈಗಿನಿಂದಲೇ ಇಡಿ. ಕೆನಡಾದ ಮಾಂಟ್ರಿಯಲ್‌ನ ಎಲಿಜಬೆತ್ ಗ್ರೀನ್‌ಶೀಲ್ಡ್ಸ್ 1955ರಷ್ಟು ಹಳೆಯದು, ಪ್ರಿಂಟಿಗೂ ಕೊಡುತ್ತಾರೆ, ಆದರೆ ಈಗ ತಾನೇ ಶುರು ಮಾಡಿದವರಿಗೆ. ಆಕೃತಿ ಕಾಣುವ ಕೆಲಸ ಆಗಬೇಕು, ಅಮೂರ್ತಕ್ಕೆ ಇಲ್ಲ. ಉಪ್ಪಳದ ತಮ್ಮ ಅದನ್ನು ನೋಡಲಿ.

ದೇಶದೊಳಗಿನದ್ದನ್ನೂ ಬಿಡಬೇಡಿ. ಕೇಂದ್ರ ಸಂಸ್ಕೃತಿ ಇಲಾಖೆಯ ಸೀನಿಯರ್ ಫೆಲೋಶಿಪ್ ನಲವತ್ತು ದಾಟಿದವರಿಗೆ, ತಿಂಗಳಿಗೆ 20,000 ರೂಪಾಯಿ, ಎರಡು ವರ್ಷ. ಅದು ಕೇಂದ್ರದ್ದಾದ ಕಾರಣ ಆ ರಾಜ್ಯ, ಈ ರಾಜ್ಯದ ಜಗಳ ಇಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಕನ್ನಡದಲ್ಲೇ ಪ್ರಸ್ತಾಪ ಕಳಿಸಬಹುದು, ಭಾರತದ ಯಾವ ಭಾಷೆಯಾದರೂ ನಡೆಯುತ್ತದೆ. ಆದರೆ ಅವರಿಗೆ ಒಂದು ಪ್ರಾಜೆಕ್ಟ್ ಬೇಕು, ಬರೀ ಪ್ರೆಸ್ ಬೇಕು ಅಂದರೆ ಆಗುವುದಿಲ್ಲ. ಪ್ರೆಸ್ ಬರುವ ತನಕ ದೊಡ್ಡ ಹಲಗೆ ಒತ್ತಬೇಕಾದರೆ ಚೆನ್ನೈಯ ಗ್ರೀಮ್ಸ್ ರಸ್ತೆಯಲ್ಲಿ ಲಲಿತ ಕಲಾ ಅಕಾಡೆಮಿಯ ಗ್ರಾಫಿಕ್ಸ್ ಸ್ಟುಡಿಯೋ ಇದೆ. ಕಾಸರಗೋಡಿನಲ್ಲಿ ಚೆನ್ನೈ ಮೇಲ್ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ಹಲಗೆ ಹೊತ್ತುಕೊಂಡು ಹತ್ತುವುದು ಮಾತ್ರ ನಿಮ್ಮ ಹಣೆಬರಹ.

ರೆಸಿಡೆನ್ಸಿಯ ಆಸೆಯನ್ನು ಪೂರ್ತಿ ಬಿಡಿ ಅನ್ನುತ್ತಿಲ್ಲ. ಬೆಲ್ಜಿಯಂನ ಕಾಸ್ಟರ್ಲೆ ಅನ್ನುವ ಸಣ್ಣ ಊರಿನಲ್ಲಿ ಫ್ರಾನ್ಸ್ ಮಾಸೆರೀಲ್ ಸೆಂಟ್ರಮ್ ಅಂತ ಪ್ರಿಂಟಿಗೇ ಮೀಸಲಾದ ಜಾಗ ಇದೆ, 1972ರದ್ದು. ಮಾಸೆರೀಲ್ ಸ್ವತಃ ವುಡ್‌ಕಟ್‌ನ ದೊಡ್ಡ ಕಲಾವಿದ. ಅದರ ಹೆಸರು ಬರೆದಿಟ್ಟುಕೊಳ್ಳಿ. ನಾನು ಹೋದದ್ದು ಅಮೆರಿಕದ ವರ್ಮಾಂಟ್ ಸ್ಟುಡಿಯೋ ಸೆಂಟರಿಗೆ, ಅದೂ ಚಳಿಗಾಲದಲ್ಲಿ. ಜಾನ್ಸನ್ ಅನ್ನುವ ಹಳ್ಳಿ, ಪಕ್ಕದಲ್ಲೇ ಗೈಹಾನ್ ಹೊಳೆ. ಅಲ್ಲಿ ಶುಲ್ಕ ಇದೆ, ಆದರೆ ಫೆಲೋಶಿಪ್ ಸಿಕ್ಕಿದರೆ ಕಳೆಯುತ್ತದೆ. ನನಗೆ ಸಿಕ್ಕಿತ್ತು, ವಿಮಾನದ ದುಡ್ಡು ಮಾತ್ರ ನನ್ನದು. ನನಗೆ ಆಶ್ಚರ್ಯವಾದದ್ದು ಹಿಮ ಅಲ್ಲ. ಊಟಕ್ಕೆ ಕರೆಯುವವರೆಗೆ ಯಾರೂ ನನ್ನ ಕೋಣೆಯ ಬಾಗಿಲು ತಟ್ಟಲಿಲ್ಲ. ಕರೆಂಟ್ ಬಿಲ್ಲಿಲ್ಲ, ತೋಟದ ಆಳಿನ ಫೋನಿಲ್ಲ, ಮದುವೆ ಕಾಗದ ಕೊಡಲು ಬಂದವರಿಲ್ಲ. ಮೊದಲ ವಾರ ಏನು ಮಾಡುವುದು ಅಂತ ಗೊತ್ತಾಗದೆ ನಿದ್ದೆ ಮಾಡಿದೆ. ಆಮೇಲೆ ಮಾಡಿದ ಕೆಲಸವನ್ನು ಊರಿನಲ್ಲಿ ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಅನ್ನ, ಸಾರು, ಉಪ್ಪಿನಕಾಯಿ ಇಲ್ಲದೆ ಬಾಯಿ ಕೆಟ್ಟುಹೋಯಿತು ಅನ್ನುವುದೂ ನಿಜ.

ಶುಲ್ಕ ಕೇಳಿದವರೆಲ್ಲ ಮೋಸಗಾರರಲ್ಲ, ಇದನ್ನು ಹೇಳಲಿಕ್ಕೇ ವರ್ಮಾಂಟಿನ ಕಥೆ ತೆಗೆದೆ. ಕೋಣೆ, ಊಟ, ಸ್ಟುಡಿಯೋ ಕೊಟ್ಟು ದುಡ್ಡು ಕೇಳುವುದು ಬೇರೆ. ನೀವು ಕೇಳದೆಯೇ ಆಯ್ಕೆ ಮಾಡಿ ಗೋಡೆಗೆ ದುಡ್ಡು ಕೇಳುವುದು ಬೇರೆ. ಗುರುತಿಲ್ಲದ ರೆಸಿಡೆನ್ಸಿ ಆದರೆ ಟ್ರಾನ್ಸ್‌ಆರ್ಟಿಸ್ಟ್ಸ್, ರೆಸ್ ಆರ್ಟಿಸ್ ಅಂತ ಎರಡು ತಾಣಗಳಲ್ಲಿ ಹುಡುಕಿ. ಹೋದ ವರ್ಷ ಅಲ್ಲಿಗೆ ಹೋದವರ ಹೆಸರು ಹಾಕಿದ್ದಾರಾ ನೋಡಿ, ಅವರಲ್ಲಿ ಒಬ್ಬರಿಗೆ ನೇರವಾಗಿ ಬರೆದು ಕೇಳಿ. ಕಲಾವಿದರು ಇಂಥದ್ದಕ್ಕೆ ಉತ್ತರ ಕೊಡುತ್ತಾರೆ.

ಚಂದ್ರಗಿರಿ ದಡ

ಮಾಷ್ಟ್ರು ಇಷ್ಟುದ್ದ ಬರೆದಿದ್ದಾರೆ, ಸಂತೋಷ. ಆದರೆ ಪ್ರಾಮಾಣಿಕವಾಗಿ ಹೇಳಿ, ಇದೆಲ್ಲ ಡೆಲ್ಲಿ, ಬಾಂಬೆಯವರಿಗೆ ಅಲ್ವಾ ಸಿಗುವುದು? ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ. ಕಾಸರಗೋಡಿನವರು ಗ್ರಾಂಟ್ ಪಡೆಯಬೇಕಾದರೆ ಒಂದೇ ದಾರಿ, ಎಂಡೋಸಲ್ಫಾನ್ ಅಂತ ಬರೆಯಿರಿ. ವಿದೇಶದವರಿಗೆ ಬೇಕಾದದ್ದು ಅದೇ. ಕೋರೆ ಗೀರೆ ಅಂದರೆ ಯಾರು ಕೇಳುತ್ತಾರೆ?

ನೀರ್ಚಾಲು ಮಾಷ್ಟ್ರು

ಡೆಲ್ಲಿ, ಬಾಂಬೆಯ ಮಾತು ಅರ್ಧ ನಿಜ. ಅಲ್ಲಿನವರಿಗೆ ಫಾರ್ಮ್ ತುಂಬಿ ಅಭ್ಯಾಸ ಇದೆ, ನೋಡಿ ತಿದ್ದುವ ಸ್ನೇಹಿತರಿದ್ದಾರೆ. ನಮಗೆ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ಮಾತಿಗೆ ಮಾತ್ರ ಸಿಟ್ಟು ಬಂತು. ಎಣ್ಮಕಜೆ, ಪಡ್ರೆ ಕಡೆ ನನ್ನ ಶಿಷ್ಯರ ಮನೆಗಳಿವೆ. ಸರಕಾರದ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕದ ವಿಷ ಸುರಿದರು, 2000ಕ್ಕೆ ನಿಂತಿತು. ಮಕ್ಕಳನ್ನು ಎತ್ತಿಕೊಂಡೇ ವಯಸ್ಸಾದ ತಾಯಂದಿರು ಅಲ್ಲಿದ್ದಾರೆ. ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅವರ ನೋವನ್ನು ನಮ್ಮ ಪ್ರೆಸ್ಸಿನ ದುಡ್ಡಿಗೆ ಎಳೆದು ತರುವುದಾ? ಯಾರ ಕೆಲಸದಲ್ಲಿ ಅದು ನಿಜವಾಗಿ ಇದೆಯೋ ಅವರು ಬರೆಯಲಿ, ಬರೆಯಬೇಕು. ಇವರ ಹಲಗೆಯಲ್ಲಿ ಇರುವುದು ಕೋರೆ. ಹತ್ತು ಚಿತ್ರದಲ್ಲಿ ಕೋರೆ, ಬರಹದಲ್ಲಿ ಎಂಡೋಸಲ್ಫಾನ್ ಇದ್ದರೆ ಆಯ್ಕೆ ಸಮಿತಿಯವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ನಮ್ಮ ಮನೆ ಗೋಡೆಗಳೆಲ್ಲ ಎದ್ದದ್ದು ಆ ಗುಂಡಿಗಳಿಂದಲೇ. ಅದನ್ನು ಯಾರು ಕೇಳುತ್ತಾರೆ ಅನ್ನುವುದು ನೀವು.

ಕೌಂಟರ್ ನಂಬರ್ 3

ನಾನು ಕಲಾವಿದನಲ್ಲ, ಕಾಸರಗೋಡಿನಲ್ಲಿ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಸಿಕ್ಕಿದ ದುಡ್ಡು ಖಾತೆಗೆ ಬರುವುದರ ಬಗ್ಗೆ ಎರಡು ಮಾತು.

ಮೊದಲು ಹೆಸರು. ನಮ್ಮ ಕಡೆ ಇನಿಶಿಯಲ್‌ನದ್ದೇ ದೊಡ್ಡ ರಗಳೆ. ಆಧಾರಿನಲ್ಲಿ ಮುಂದೆ ಇನಿಶಿಯಲ್, ಬ್ಯಾಂಕಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಅಪ್ಪನ ಹೆಸರು ಅಥವಾ ಮನೆ ಹೆಸರು. ಗಂಡನ ಹೆಸರು ಸೇರಿಸಿದ್ದರೆ ಇನ್ನೊಂದು ಥರ. ಅರ್ಜಿಯಲ್ಲಿ ಕಲಾವಿದೆಯ ಹೆಸರು ಬೇರೆಯೇ ಇರುತ್ತದೆ. ವಿದೇಶದಿಂದ ಸ್ವಿಫ್ಟ್ ಅನ್ನುವ ಬ್ಯಾಂಕುಗಳ ಜಾಲದ ಮೂಲಕ ಬರುವ ದುಡ್ಡು ಹೆಸರು ಹೊಂದದಿದ್ದರೆ ನಿಂತುಬಿಡುತ್ತದೆ, ಕೆಲವು ಸಲ ವಾಪಸ್ ಹೋಗುತ್ತದೆ. ಅದಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್, ಪ್ಯಾನ್, ಖಾತೆ ಮೂರರಲ್ಲೂ ಒಂದೇ ಹೆಸರು ಮಾಡಿಕೊಳ್ಳಿ. ಪಾಸ್‌ಪೋರ್ಟ್ ಇಲ್ಲದಿದ್ದರೆ ಪಯ್ಯನ್ನೂರಿನ ಸೇವಾ ಕೇಂದ್ರ ಇದೆ.

ದುಡ್ಡು ಬಂದಾಗ ಯಾವ ಉದ್ದೇಶಕ್ಕೆ ಅಂತ ಬ್ಯಾಂಕಿನವರು ಕೇಳುತ್ತಾರೆ, ಅದಕ್ಕೊಂದು ಪರ್ಪಸ್ ಕೋಡ್ ಇರುತ್ತದೆ. ಗ್ರಾಂಟ್ ಸಿಕ್ಕಿದ ಪತ್ರದ ಪ್ರತಿ ತೋರಿಸಿ, ನಿಮ್ಮ ಕೈಯಲ್ಲೂ ಇಟ್ಟುಕೊಳ್ಳಿ. ಸಣ್ಣ ಬ್ರಾಂಚಿನಲ್ಲಿ ಇಂಥದ್ದು ಅಪರೂಪ, ಕೌಂಟರಿನವರು ಗಾಬರಿಯಾಗಬಹುದು. ವಿದೇಶಿ ವ್ಯವಹಾರ ನೋಡುವ ಬ್ರಾಂಚ್ ಯಾವುದು ಅಂತ ಮೊದಲೇ ಮ್ಯಾನೇಜರ್ ಹತ್ತಿರ ಕೇಳಿ.

ಮುಖ್ಯವಾದದ್ದು ಇನ್ನೊಂದು. ನಮ್ಮ ಸಂಘದ ಖಾತೆಗೆ ಹಾಕಿಸಿ, ನಾವು ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಂಘ, ಟ್ರಸ್ಟ್ ವಿದೇಶದ ದೇಣಿಗೆ ತೆಗೆದುಕೊಳ್ಳಬೇಕಾದರೆ ಎಫ್‌ಸಿಆರ್‌ಎ ಕಾನೂನಿನಲ್ಲಿ ನೋಂದಣಿ ಬೇಕು. ಇಲ್ಲದಿದ್ದರೆ ಅವರಿಗೂ ತೊಂದರೆ, ನಿಮಗೂ ತೊಂದರೆ. ನಿಮ್ಮ ಸ್ವಂತ ಖಾತೆಗೇ ಬರಲಿ. ನಿಮ್ಮ ಗ್ರಾಂಟಿಗೆ ಆ ಕಾನೂನು ಮತ್ತು ತೆರಿಗೆ ಹೇಗೆ ಅಂತ ದುಡ್ಡು ಬರುವ ಮುಂಚೆ ಒಬ್ಬ ಸಿ.ಎ. ಹತ್ತಿರ ಪತ್ರ ತೋರಿಸಿ ಕೇಳಿ. ಅವರ ಫೀಸು ದಂಡ ಅಂತ ಅನಿಸಬಹುದು, ದಂಡ ಅಲ್ಲ.

ಹಲಸಿನ ಹಲಗೆ

ಎಲ್ಲರಿಗೂ ಉಪಕಾರ ಆಯಿತು. ಇಟಲಿ ಮೇಲ್ ಅಳಿಸಿದೆ. ಹೆಸರಿನ ವಿಷಯ ಓದಿ ಎಲ್ಲ ಕಾಗದ ತೆಗೆದು ನೋಡಿದೆ, ಬ್ಯಾಂಕಿನ ಅಣ್ಣ ಹೇಳಿದ ಹಾಗೇ ಉಂಟು. ಪ್ಯಾನಿನಲ್ಲಿ ಒಂದು, ಖಾತೆಯಲ್ಲಿ ಇನ್ನೊಂದು. ಸೋಮವಾರ ಹೋಗುತ್ತೇನೆ.

ಪ್ರೆಸ್ಸಿಗೆ ಮಂಗಳೂರಿನ ಒಬ್ಬ ವೆಲ್ಡಿಂಗಿನವರ ಹತ್ತಿರ ಕೇಳಿದ್ದೆ. ರೋಲರ್ ಕೊಯಮತ್ತೂರಿನಿಂದ ತರಿಸಿ ಮಾಡಿಕೊಡಲು ಒಂದೂವರೆ ಲಕ್ಷ ಆಗಬಹುದು ಅಂದಿದ್ದಾರೆ. ಕೋಣೆಯ ಸೀಲಿಂಗು, ತೇವ ಎಳೆಯುವ ಮಷಿನ್, ಒಂದು ವರ್ಷದ ಕಾಗದ, ಶಾಯಿ ಎಲ್ಲ ಸೇರಿಸಿದರೆ ಮೂರೂವರೆ ಲಕ್ಷದ ಹತ್ತಿರ. ಅಷ್ಟು ಕಡಿಮೆ ಕೇಳಿದರೆ ಸಣ್ಣತನ ಅನ್ನಿಸುತ್ತದಾ?

ಮತ್ತೆ ಬರಹ ಶುರು ಮಾಡಿದ್ದೇನೆ. ಮೊದಲು ಕನ್ನಡದಲ್ಲಿ ಬರೆದುಕೊಂಡೆ. ಹೀಗಿದೆ: "ಮಣ್ಣಿನ ಮಗಳಾದ ನಾನು ನನ್ನ ನೆಲದ ಗಾಯಗಳನ್ನು ಮರದ ಎದೆಯ ಮೇಲೆ ಕೆತ್ತುತ್ತೇನೆ. ನನ್ನ ಉಳಿಯು ಭೂಮಿತಾಯಿಯ ಮೌನಕ್ಕೆ ದನಿಯಾಗಿದೆ." ಹೇಗಿದೆ ಮಾಷ್ಟ್ರೆ?

ನೀರ್ಚಾಲು ಮಾಷ್ಟ್ರು

ಬೇಸರ ಮಾಡಬೇಡಿ ತಂಗೀ, ಇದು ಪೂರ್ತಿ ಹೋಗಲಿ. ಸನ್ಮಾನ ಪತ್ರದ ಭಾಷೆ ಇದು. ಇದನ್ನು ಓದಿದವರಿಗೆ ನಿಮ್ಮ ಪ್ರಿಂಟ್ ಹೇಗಿದೆ ಅಂತ ಒಂಚೂರೂ ತಿಳಿಯುವುದಿಲ್ಲ. ಉಳಿಯ ದನಿಯನ್ನು ಬಿಡಿ. ಯಾವ ಕೋರೆ, ಅದರ ಮುಂದೆ ಎಲ್ಲಿ ನಿಂತು ಸ್ಕೆಚ್ ಮಾಡುತ್ತೀರಿ, ಹಲಸಿನ ಮರವೇ ಯಾಕೆ, ಹಲಗೆಗಳ ಸಂದು ಪ್ರಿಂಟಿನಲ್ಲಿ ಗೆರೆಯಾಗಿ ಬೀಳುತ್ತದಲ್ಲ, ಅದನ್ನು ಉಳಿಸುತ್ತೀರೋ ಮುಚ್ಚುತ್ತೀರೋ. ಇಷ್ಟನ್ನು ಪಕ್ಕದ ಮನೆಯವರಿಗೆ ಹೇಳುವ ಹಾಗೆ ಬರೆಯಿರಿ. ಇಲ್ಲಿ ಮೊದಲ ಪೋಸ್ಟಿನಲ್ಲಿ ಮೆಟ್ಟಿಲಾಗಿ ಉಳಿಯುವ ಗೋಡೆ, ನಿಂತ ನೀರು ಅಂತ ಬರೆದಿದ್ದಿರಲ್ಲ, ಆ ನಾಲ್ಕು ಸಾಲು ಇದಕ್ಕಿಂತ ಎಷ್ಟೋ ಪಾಲು ಚೆನ್ನಾಗಿದೆ.

ಮೂರೂವರೆ ಲಕ್ಷ ಸಣ್ಣತನ ಅಲ್ಲ, ಆದರೆ ನಿಮ್ಮ ಲೆಕ್ಕ ಅಪೂರ್ಣ. ನೀವು ಕೂತು ಕೆಲಸ ಮಾಡುವ ಸಮಯಕ್ಕೆ ಬೆಲೆಯೇ ಹಾಕಿಲ್ಲ. ಮನೆಖರ್ಚಿಗೂ ಅವರು ಕೊಡುತ್ತಾರೆ ಅಂತ ಹೇಳಿದ್ದೆನಲ್ಲ. ಒಂದು ವರ್ಷ ಶಾಲೆಗೆ ಹೋಗದೆ ಕೆತ್ತಿದರೆ ಆ ಸಂಬಳ ಎಷ್ಟು ತಪ್ಪುತ್ತದೆ, ಅದು. ಅತ್ತೆಯನ್ನು ಹಗಲು ನೋಡಿಕೊಳ್ಳಲು ಒಬ್ಬರನ್ನು ಇಟ್ಟರೆ ಎಷ್ಟು, ಅದು. ವೆಲ್ಡಿಂಗಿನವರಿಂದ ಬಾಯಿಮಾತು ಸಾಲದು, ಕೊಟೇಶನ್ ಬರೆಸಿಕೊಳ್ಳಿ. ಸಾಗಾಟದ ಖರ್ಚನ್ನೂ ಅದರಲ್ಲೇ ಹಾಕಿಸಿ. ಆ ತೂಕದ ಪ್ರೆಸ್ಸನ್ನು ಗುಡ್ಡದ ಮನೆಗೆ ಇಳಿಸಲು ಜೀಪು ಮತ್ತು ಆರು ಜನ ಬೇಕು. ರೂಪಾಯಿಯಲ್ಲಿ ಬರೆದು ಪಕ್ಕದಲ್ಲಿ ಡಾಲರ್ ಹಾಕಿ.

ಕಳಿಸಿದ ಮೇಲೆ ತಿಂಗಳುಗಟ್ಟಲೆ ಉತ್ತರ ಇರುವುದಿಲ್ಲ. ಆ ಹೊತ್ತಿಗೆ ಸೀನಿಯರ್ ಫೆಲೋಶಿಪ್‌ನ ಪ್ರಕಟಣೆ ಬಂದರೆ ಅದಕ್ಕೂ ಹಾಕಿ. ಇಲ್ಲ ಅಂತ ಬಂದರೆ ಕಾರಣ ಬರೆದಿರುವುದಿಲ್ಲ, ಮುಂದಿನ ಸಲಕ್ಕೆ ಹೊಸ ಚಿತ್ರ ಹಾಕಿ ಮತ್ತೆ ಕಳಿಸುವುದು.

ಉಪ್ಪಳದಿಂದ ಬರೋಡಕ್ಕೆ

ಅಕ್ಕ, ಕನ್ನಡದಲ್ಲಿ ಬರೆದು ನನಗೆ ಕಳಿಸಿ, ಇಂಗ್ಲಿಷ್ ನಾನು ಮಾಡಿಕೊಡುತ್ತೇನೆ. ಮಾಷ್ಟ್ರು ನೋಡಿ ಆದ ಮೇಲೆ. ಮತ್ತೆ ಅಪ್‌ಲೋಡನ್ನು ಕೊನೆಯ ದಿನಕ್ಕೆ ಇಡಬೇಡಿ, ಹತ್ತು ದೊಡ್ಡ ಫೋಟೋ, ನಿಮ್ಮಲ್ಲಿ ಗಾಳಿ ಬಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಮಾಷ್ಟ್ರೆ, ಆ ಗ್ರೀನ್‌ಶೀಲ್ಡ್ಸ್‌ಗೆ ಶಿಲ್ಪವೂ ಆಗುತ್ತದಾ?

ನೀರ್ಚಾಲು ಮಾಷ್ಟ್ರು

ಆಗುತ್ತದೆ. ಆದರೆ ನೀನು ಹೋದ ಓಣಂಗೆ ತೋರಿಸಿದ ಆ ಕಬ್ಬಿಣದ ಬಳೆಗಳ ಕೆಲಸ ಕಳಿಸಬೇಡ, ಅದು ಅಮೂರ್ತ. ಅಜ್ಜನ ತಲೆ ಮಾಡಿದ್ದೆಯಲ್ಲ ಮಣ್ಣಿನಲ್ಲಿ, ಅಂಥದ್ದು ಎಷ್ಟಿವೆ?